ಬಳುಕಿದ ಆ್ಯಂಗಲ್‌ಗಳ ಕಥೆ

ಅರೋರಾದಲ್ಲಿ ಹಿಮ ಜೋರಾಗಿ ಬಿದ್ದಾಗ ನನ್ನ ಕಣ್ಣು ದೊಡ್ಡ ಸಭಾಂಗಣಗಳ ಚಾವಣಿಯ ಮೇಲೆ ಹೋಗುತ್ತದೆ. ಎಂಜಿನಿಯರನ ಚಟ ಅನ್ನಿ. ಅಂಥ ಚಾವಣಿ ಹೊರುವ ಟ್ರಸ್‌ಗಳಲ್ಲಿ ಎಷ್ಟೋ ಸಲ 'ಎಲ್' ಆಕಾರದ ಉಕ್ಕಿನ ಆ್ಯಂಗಲ್‌ಗಳಿರುತ್ತವೆ. ನಮ್ಮೂರಿನ ಗೋದಾಮಿನ ಶೀಟಿನ ಮಾಡಿಗೂ, ಹೊಲದ ನಡುವಿನ ವಿದ್ಯುತ್ ಗೋಪುರಕ್ಕೂ ಅವೇ. ಎಳೆದರೆ ಜಗ್ಗದ ಈ ಆ್ಯಂಗಲ್, ಒತ್ತಿದರೆ ಬೇರೆಯೇ ಗುಣ ತೋರಿಸುತ್ತದೆ.

ತೆಳ್ಳನೆಯ ಬೆತ್ತವನ್ನು ನೆಲಕ್ಕೂರಿ ಒತ್ತಿ ನೋಡಿ. ಮುರಿಯುವ ಮೊದಲೇ ಬಳುಕುತ್ತದೆ. ಈ ಲೆಕ್ಕವನ್ನು ಗಣಿತಜ್ಞ ಆಯ್ಲರ್ 1744ರಲ್ಲೇ ಬರೆದಿಟ್ಟ: ನೀಳವಾದ ಕಂಬದ ಉದ್ದ ಎರಡರಷ್ಟಾದರೆ ಅದು ಹೊರುವ ಭಾರ ಕಾಲುಭಾಗಕ್ಕೆ ಇಳಿಯುತ್ತದೆ. ಆ್ಯಂಗಲ್‌ಗೆ ಇನ್ನೊಂದು ತೊಡಕು. ಅದು ಸುಲಭವಾಗಿ ಬಾಗುವ ದಿಕ್ಕು ಅದರ ಎರಡು ಪಟ್ಟಿಗಳ ದಿಕ್ಕಲ್ಲ, ಓರೆ ದಿಕ್ಕು. ಒಂದೇ ಪಟ್ಟಿಗೆ ಬೋಲ್ಟ್ ಹಾಕಿದರೆ ಭಾರವೂ ನಟ್ಟನಡುವೆ ಬೀಳುವುದಿಲ್ಲ, ಬಾಗುತ್ತಾ ತಿರುಚಿಕೊಳ್ಳಲೂಬಹುದು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆಂದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ತೋರಿಸಿತು. ಅಲ್ಲಿನ ಸಿವಿಕ್ ಸೆಂಟರ್ ಕ್ರೀಡಾಂಗಣದ ಚಾವಣಿಯಲ್ಲಿ ನಾಲ್ಕು ಆ್ಯಂಗಲ್‌ಗಳನ್ನು ಕೂಡುಗುರುತಿನಂತೆ ಜೋಡಿಸಿದ್ದರು. 30 ಅಡಿಯ ಮೇಲುಸರಳುಗಳನ್ನು ನಡುವೆ ಹಿಡಿದಿದೆ, ಬಳುಕುವ ಉದ್ದ 15 ಅಡಿ ಮಾತ್ರ ಎಂದು ಲೆಕ್ಕ ಹಾಕಿದ್ದರು. ಅಂಚಿನ ಸರಳುಗಳಿಗೆ ಆ ಹಿಡಿತ ಇರಲೇ ಇಲ್ಲ. ಕಟ್ಟುವಾಗಲೇ ಚಾವಣಿ ಲೆಕ್ಕಕ್ಕಿಂತ ಸುಮಾರು ಎರಡರಷ್ಟು ಜೋತಿತ್ತು. ತೊಂದರೆಯಿಲ್ಲ ಎಂಬ ಉತ್ತರ ಬಂತು.

1978ರ ಜನವರಿ 18ರ ನಸುಕಿನಲ್ಲಿ, ಹಿಮದ ಭಾರಕ್ಕೆ ಇಡೀ ಚಾವಣಿ ಕುಸಿಯಿತು. ಕೆಲವೇ ಗಂಟೆಗಳ ಹಿಂದೆ ಸುಮಾರು 5,000 ಜನ ಅದರ ಕೆಳಗೆ ಕೂತು ಬಾಸ್ಕೆಟ್‌ಬಾಲ್ ನೋಡಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಮೇಲುಸರಳುಗಳು ಬಳುಕಿದವು ಎಂದು ಒಂದು ತನಿಖೆ, ತಿರುಚಿಕೊಂಡವು ಎಂದು ಇನ್ನೊಂದು ತನಿಖೆ ಹೇಳಿತು.

ಇಂದು ನಾನು ಬಳಸುವ ನಿಯಮಪುಸ್ತಕ ಇಲ್ಲೇ ಪಕ್ಕದ ಶಿಕಾಗೊದಲ್ಲಿ ನೆಲೆಸಿರುವ ಅಮೆರಿಕನ್ ಉಕ್ಕು ನಿರ್ಮಾಣ ಸಂಸ್ಥೆಯದು. ಒಂದೇ ಪಟ್ಟಿಗೆ ಜೋಡಿಸಿದ ಒಂಟಿ ಆ್ಯಂಗಲ್‌ಗೆ ಅದರ 2005ರ ಆವೃತ್ತಿ ಒಂದು ಸರಳ ದಾರಿ ಕೊಟ್ಟಿತು: ಅದನ್ನು ಇರುವುದಕ್ಕಿಂತ ನೀಳ ಎಂದೇ ಎಣಿಸು. ಸಾಮಾನ್ಯ ಟ್ರಸ್‌ನಲ್ಲಿ, ಕೆಲವು ಷರತ್ತುಗಳೊಳಗೆ, ನೀಳತೆಯ ಅಂಕಿ 60 ಇದ್ದರೆ 117 ಎಂದು ಹಿಡಿಯಬೇಕು. ಹೊಸಬರಿಗೆ ಇದು ಅತಿಯಾಯಿತು ಅನ್ನಿಸುತ್ತದೆ. ಆಗ ನಾನು ಹಾರ್ಟ್‌ಫರ್ಡ್‌ನ ಕಥೆ ಹೇಳಿ, ಕಂಪ್ಯೂಟರ್ ಕೊಟ್ಟ ಅಂಕಿಗೂ ಟೇಪು ಹಿಡಿದು ಅಳೆದದ್ದಕ್ಕೂ ತಾಳೆಯಾಗದಿದ್ದರೆ ಕೆಲಸ ನಿಲ್ಲಿಸಿ ಎನ್ನುತ್ತೇನೆ.