ಮರ್ರೆ ನದಿ ನೀರು ಯಾರ ಪಾಲು?

ಹೋದ ವರ್ಷ ಕೆಲಸದ ಮೇಲೆ ಮಿಲ್ಡ್ಯೂರಾಗೆ ಹೋಗಿದ್ದೆ. ನಮ್ಮ ಟ್ರುಗನಿನಾದಿಂದ 500 ಕಿಲೋಮೀಟರಿಗೂ ಜಾಸ್ತಿ ದೂರ. ಮರ್ರೆ ನದಿ ದಡದ ಒಂದು ತೋಟದಲ್ಲಿ ಪಂಪಿನ ಸ್ವಿಚ್‌ಬೋರ್ಡ್ ಬದಲಾಯಿಸಬೇಕಿತ್ತು. ಕೆಲಸ ಮುಗಿಸಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ನದಿ ತೋರಿಸಿದೆ. ನಮ್ಮದು ಮಳವಳ್ಳಿ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ. ನೀರು ಕಂಡ್ರೆ ಅಪ್ಪ ಮೊದಲು ಕೇಳೋದೇ "ಯಾರ ಪಾಲಿಂದು?" ಅಂತ. ಇಲ್ಲೂ ರಾಜ್ಯ ರಾಜ್ಯಕ್ಕೆ ಜಗಳ ಇದೆ ಅಂದೆ. "ಜನಾನೇ ಕಾಣ್ತಿಲ್ಲ, ಜಗಳ ಆಡೋರು ಯಾರೋ?" ಅಂದ್ರು. ಅದಕ್ಕೆ ಉತ್ತರ ಹುಡುಕ್ತಾ ಓದಿದ್ದನ್ನ ಬರೆದಿದ್ದೀನಿ.

ಅಪ್ಪ ಹೇಳಿದ್ದು ಸುಳ್ಳಲ್ಲ. ಮರ್ರೆ-ಡಾರ್ಲಿಂಗ್ ಕಣಿವೆ 10 ಲಕ್ಷ ಚದರ ಕಿಲೋಮೀಟರಿಗೂ ದೊಡ್ಡದು, ಅಂದ್ರೆ ಐದು ಕರ್ನಾಟಕ. ಇರೋ ಜನ ಸುಮಾರು 23 ಲಕ್ಷ, ಬೆಂಗಳೂರಿನ ಕಾಲು ಭಾಗವೂ ಆಗಲ್ಲ. ಆದರೆ ಕಾವೇರಿ ಕಣಿವೆಗಿಂತ 13 ಪಟ್ಟು ದೊಡ್ಡದಾದ ಈ ನೆಲದಲ್ಲಿ ಸರಾಸರಿ ವರ್ಷ ಸಿಗೋ ನೀರು ಕಾವೇರಿಯ ಎರಡು ಪಟ್ಟೂ ಇಲ್ಲ. ಜನ ಕಮ್ಮಿ ಅಂತ ಬಾಯಾರಿಕೆ ಕಮ್ಮಿ ಆಗಲಿಲ್ಲ, ಯಾಕಂದ್ರೆ ಕುಡಿಯೋದು ತೋಟಗಳು.

ಕಥೆ ಶುರುವಾಗೋದು ಆಲ್ಫ್ರೆಡ್ ಡೀಕಿನ್ ಅವರಿಂದ. ವಿಕ್ಟೋರಿಯಾದ ಮಂತ್ರಿಯಾಗಿದ್ದ ಇವರು 1885ರಲ್ಲಿ ಅಮೆರಿಕಕ್ಕೆ ಹೋಗಿ, ನದಿ ದಡದ ಜಮೀನುದಾರರು ನೀರಿಗಾಗಿ ಕೋರ್ಟು ಅಲೆಯೋದನ್ನ ನೋಡಿ ಬಂದ್ರು. 1886ರ ಕಾಯ್ದೆಯಲ್ಲಿ ನದಿ ನೀರಿನ ಹಕ್ಕನ್ನ ಸರ್ಕಾರದ ಕೈಗೆ ತಂದ್ರು. ನಮ್ಮ ದೇಶಕ್ಕೂ ಬಂದು ನಾಲೆ, ಅಣೆಕಟ್ಟು ನೋಡಿ 1893ರಲ್ಲಿ ಭಾರತದ ನೀರಾವರಿ ಬಗ್ಗೆ ಪುಸ್ತಕವನ್ನೇ ಬರೆದ್ರು. ಮುಂದೆ ಆಸ್ಟ್ರೇಲಿಯಾದ ಪ್ರಧಾನಿ ಆದ್ರು.

ಅವರು ಕರೆಸಿದ ಚಾಫಿ ಸಹೋದರರು ಮಿಲ್ಡ್ಯೂರಾ ಕಟ್ಟಿದ್ದು 1887ರಲ್ಲಿ, 2,50,000 ಎಕರೆ ಒಪ್ಪಂದದ ಮೇಲೆ. ಅಣ್ಣ ಜಾರ್ಜ್ ಎಂಜಿನಿಯರ್. ಆತ ರೂಪಿಸಿದ ಹಬೆ ಪಂಪು 1891ರಲ್ಲಿ ಸೈಕಿ ಬೆಂಡ್‌ನಲ್ಲಿ ಕೂತಿತು. ಈಗಲೂ ಇದೆ. ಹಡಗಿಗೆ ಹಾಕೋ ಥರದ ಎಂಜಿನ್, ಒಂದೇ ಹಬೆಯನ್ನ ಮೂರು ಸಿಲಿಂಡರಲ್ಲಿ ಒಂದಾದ ಮೇಲೊಂದು ಹಿಗ್ಗಿಸಿ ಶಕ್ತಿ ಹಿಂಡುತ್ತೆ. ಮೋಟರ್ ಕೆಲಸ ಮಾಡೋರು ಆ ಕಡೆ ಹೋದ್ರೆ ತಪ್ಪದೆ ನೋಡಿ. ಪಂಪು ಗಟ್ಟಿ, ನಾಲೆ ಸೋರಿತು. ಸಿಹಿನೀರಿನ ಸೀಗಡಿಯಂಥ ಯಾಬಿಗಳು ಮಣ್ಣಿನ ಏರಿ ಕೊರೆದವು. ಹಣ್ಣು ಸಾಗಿಸೋಕೆ ರೈಲು ಬಂದಿದ್ದು 1903ಕ್ಕೆ, ಕಂಪನಿ 1895ರಲ್ಲೇ ಮುಳುಗಿತ್ತು.

ಆಮೇಲೆ ದೊಡ್ಡ ಬರ. 1902ರಲ್ಲಿ ಕೊರೋವಾದಲ್ಲಿ ಸಭೆ, ಕೊನೆಗೆ 1914ರಲ್ಲಿ ಒಪ್ಪಂದ. ಆಲ್ಬರಿ ಹತ್ತಿರ ಹರಿಯೋ ನೀರಲ್ಲಿ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ಗೆ ಸಮಪಾಲು, ಕೆಳಗಿನ ಸೌತ್ ಆಸ್ಟ್ರೇಲಿಯಾಕ್ಕೆ ಇಷ್ಟು ಅಂತ ಖಾತ್ರಿ. ಅದೇ 1914ರಲ್ಲಿ ಕನ್ನಂಬಾಡಿ ಕಟ್ಟೆ ವಿಚಾರಕ್ಕೆ ಮೈಸೂರು, ಮದರಾಸಿನ ನಡುವೆ ಗ್ರಿಫಿನ್ ತೀರ್ಪು ಬಂತು. ಮದರಾಸು ಒಪ್ಪಲಿಲ್ಲ, ನಮ್ಮ ಒಪ್ಪಂದ ಆಗಿದ್ದು 1924ಕ್ಕೆ. ಇಲ್ಲಿ 1936ರಲ್ಲಿ ಹ್ಯೂಮ್ ಅಣೆಕಟ್ಟು ಮುಗೀತು. ನಮ್ಮ ಕೆಆರ್‌ಎಸ್ 49 ಟಿಎಂಸಿ, ಹ್ಯೂಮ್ ಈಗ ಸುಮಾರು 106.

ನೀರು ಹಂಚಿದ್ರು ಸರಿ, ಹಂಚಿದ್ದು ಜಾಸ್ತಿ ಆಯ್ತು. ಮಳೆ ಚೆನ್ನಾಗಿದ್ದ ದಶಕಗಳಲ್ಲಿ ಕೇಳಿದವರಿಗೆಲ್ಲ ಲೈಸೆನ್ಸ್ ಕೊಟ್ರು. 1981ರಲ್ಲಿ ಮರ್ರೆ ಸಮುದ್ರ ಸೇರೋ ಬಾಯೇ ಮರಳಲ್ಲಿ ಮುಚ್ಚಿಹೋಯ್ತು. 1991ರಲ್ಲಿ ಡಾರ್ಲಿಂಗ್ ನದಿ ಸುಮಾರು 1,000 ಕಿಲೋಮೀಟರ್ ಉದ್ದಕ್ಕೂ ವಿಷದ ಪಾಚಿ ಕಟ್ಟಿತು. 1995ರಲ್ಲಿ ಇನ್ನು ಇದಕ್ಕಿಂತ ಜಾಸ್ತಿ ಎತ್ತಬಾರದು ಅಂತ ಮಿತಿ ಹಾಕಿದ್ರು.

ಮಿತಿ ಬಿದ್ದ ಮೇಲೆ ನೀರಿಗೆ ಬೆಲೆ ಬಂತು. ನಮ್ಮೂರಲ್ಲಿ ಗದ್ದೆ ಯಾರದೋ ತೂಬಿನ ನೀರೂ ಅವರದೇ. ಇಲ್ಲಿ ಜಮೀನು ಬೇರೆ, ನೀರಿನ ಪಾಲು ಬೇರೆ. ನಿಮ್ಮ ಹೆಸರಲ್ಲಿ 100 ಮೆಗಾಲೀಟರ್ ಪಾಲಿದ್ದು, ಸರ್ಕಾರ ಅಣೆಕಟ್ಟು ನೋಡಿ ಈ ವರ್ಷ 40 ಪರ್ಸೆಂಟ್ ಅಂದ್ರೆ ಸಿಗೋದು 40. ಅದನ್ನ ಬಳಸಬಹುದು, ಮಾರಬಹುದು. ಕೊಳ್ಳೋರಿಗೆ ಜಮೀನು ಇರಲೇಬೇಕು ಅಂತಿಲ್ಲ. 2009ರವರೆಗೂ ಕಾಡಿದ ಬರದಲ್ಲಿ ಸಾಲ ತೀರಿಸೋಕೆ ಎಷ್ಟೋ ಸಣ್ಣ ರೈತರು ನೀರು ಮಾರಿದ್ರು. ನಾಲೆಯ ಮೇಲೆ ಉಳಿದ ನಾಲ್ಕು ಮನೆಯವರ ತಲೆ ಮೇಲೆ ನಾಲೆಯ ಖರ್ಚು ಬಿತ್ತು. ನೀರು ಬಾದಾಮಿ ತೋಟಗಳ ಕಡೆ ಹೋಯ್ತು. ನಾನು ವೈರಿಂಗ್ ಮಾಡಿದ ಪಂಪೂ ಬಾದಾಮಿಗೇ. ನನಗೆ ಸಂಬಳ ಬಂತು, ಅದನ್ನ ಮುಚ್ಚಿಡಲ್ಲ.

ಈ ಲೆಕ್ಕದಲ್ಲಿ ಶುರುವಿಂದಲೂ ಸೇರದವರು ಇಲ್ಲಿನ ಮೂಲ ಜನ. ಡಾರ್ಲಿಂಗನ್ನ ಬಾಕಾ ಅಂತ ಕರೆಯೋ ಬಾರ್ಕಂಜಿಗಳ ನೆಲದ ಹಕ್ಕನ್ನ ಕೋರ್ಟು 2015ರಲ್ಲಿ ಒಪ್ಪಿತು. ನದಿ ಹರಿಸೋ ಅಧಿಕಾರ ಅದರ ಜೊತೆ ಬರಲಿಲ್ಲ. 2018ರ ಡಿಸೆಂಬರಿಂದ ಮೆನಿಂಡಿಯಲ್ಲಿ ಲಕ್ಷಾಂತರ ಮೀನು ಸತ್ತು ತೇಲಿದ್ದು ಅವರ ನೆಲದಲ್ಲೇ. 2023ರಲ್ಲಿ ಮತ್ತೆ ಹಾಗೇ ಆಯ್ತು. 2012ರ ಕಣಿವೆ ಯೋಜನೆಯಂತೆ ಸರ್ಕಾರ ನದಿಗೋಸ್ಕರ ಅಂತ ನೀರಿನ ಪಾಲು ವಾಪಸ್ ಕೊಳ್ಳುತ್ತೆ. ತಾನೇ ಪುಕ್ಕಟೆ ಕೊಟ್ಟಿದ್ದನ್ನ ದುಡ್ಡು ಕೊಟ್ಟು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. "ಭೂಮಿ ಬಿಟ್ಟು ನೀರೊಂದನ್ನೇ ಮಾರೋದಾ?" ಅಂತ ಎರಡು ಸಲ ಕೇಳಿದ್ರು. ಸ್ವಲ್ಪ ಹೊತ್ತು ಬಿಟ್ಟು, ಈ ಸಲ ನಮ್ಮ ತೂಬಿಗೆ ನೀರು ಬಂದಿಲ್ಲ, ಭತ್ತ ಬಿಟ್ಟು ರಾಗಿ ಹಾಕ್ತೀನಿ ಅಂದ್ರು.