ಉಸಿರಿಗೊಬ್ಬ ಸಾಕ್ಷಿ

1875ರ ಏಪ್ರಿಲ್ 15ರಂದು ಪ್ಯಾರಿಸ್ಸಿನಿಂದ ‘ಜೆನಿತ್’ ಎಂಬ ಬಲೂನು ಮೇಲೇರಿತು. ಅದರ ಬುಟ್ಟಿಯಲ್ಲಿ ಮೂವರಿದ್ದರು: ಗಸ್ತೋನ್ ತಿಸಾಂದಿಯೇ, ಜೋಸೆಫ್ ಕ್ರೋಸೆ-ಸ್ಪಿನೆಲ್ಲಿ ಮತ್ತು ತಿಯೋಡೋರ್ ಸಿವೆಲ್. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆಮ್ಲಜನಕ ಬೆರೆಸಿದ ಗಾಳಿಯ ಚೀಲಗಳನ್ನೂ ಹೀರುವ ಕೊಳವೆಗಳನ್ನೂ ಜೊತೆಗೇ ಒಯ್ದಿದ್ದರು. ಅಷ್ಟು ಸಾಲದು ಎಂದು ಶರೀರಶಾಸ್ತ್ರಜ್ಞ ಪಾಲ್ ಬೆರ್ ಎಚ್ಚರಿಸಿ ಬರೆದ ಪತ್ರ ಕೈಸೇರುವ ಹೊತ್ತಿಗೆ ತಡವಾಗಿತ್ತು. ಇದ್ದುದನ್ನೇ ಜೋಪಾನವಾಗಿ ಬಳಸೋಣ, ಬೇಕು ಅನಿಸಿದಾಗ ಮಾತ್ರ ಉಸಿರಾಡೋಣ ಎಂದು ಮೂವರೂ ನಿರ್ಧರಿಸಿದರು.

ಬೇಕು ಅನಿಸಲೇ ಇಲ್ಲ. ಏಳು ಸಾವಿರ ಮೀಟರ್ ದಾಟಿದ ಮೇಲೆ ನೋವಾಗಲಿ ಭಯವಾಗಲಿ ಇರಲಿಲ್ಲ, ಒಳಗೊಳಗೇ ಒಂದು ಬಗೆಯ ಸಂತೋಷ ತುಂಬಿಕೊಂಡಿತ್ತು ಎಂದು ತಿಸಾಂದಿಯೇ ಆಮೇಲೆ ಬರೆದ. ಕೊಳವೆಗೆ ಕೈ ಚಾಚಬೇಕೆಂದುಕೊಂಡಾಗ ಕೈ ಏಳಲಿಲ್ಲ. ಎಂಟು ಸಾವಿರ ಮೀಟರ್ ಮುಟ್ಟಿದೆವು ಎಂದು ಕೂಗಬೇಕೆಂದರೆ ನಾಲಿಗೆ ಹೊರಳಲಿಲ್ಲ. ಪ್ರಜ್ಞೆ ಬಂದು ನೋಡಿದಾಗ ಇಬ್ಬರು ಗೆಳೆಯರೂ ಸತ್ತಿದ್ದರು. ತಿಸಾಂದಿಯೇ ಬದುಕಿದ, ಆದರೆ ಕಿವಿ ಕೇಳಿಸದಾಯಿತು. ಬಲೂನು 8,600 ಮೀಟರ್ ತನಕ ಏರಿತ್ತೆಂದು ಉಪಕರಣಗಳು ದಾಖಲಿಸಿದ್ದವು.

ಹಸಿವಾದರೆ ಹೊಟ್ಟೆ ಹೇಳುತ್ತದೆ, ಬಾಯಾರಿದರೆ ಗಂಟಲು ಹೇಳುತ್ತದೆ. ಆಮ್ಲಜನಕದ ಕೊರತೆಯನ್ನು ಹೇಳುವವರು ಯಾರು? ನಮಗೆ ಉಸಿರುಕಟ್ಟಿದಂತಾಗುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಎತ್ತರದಲ್ಲಿ ಅದು ಹೊರಗೆ ಹೋಗುತ್ತಲೇ ಇರುವುದರಿಂದ ಆ ಎಚ್ಚರಿಕೆ ಸಿಗುವುದಿಲ್ಲ. ಕೊರತೆಯನ್ನು ಗುರುತಿಸಬೇಕಾದ ಮೆದುಳೇ ಮೊದಲು ಮಂಕಾಗುತ್ತದೆ. ‘ಹೈಪಾಕ್ಸಿಯಾ’ ಎಂದು ವೈದ್ಯರು ಕರೆಯುವ ಈ ಸ್ಥಿತಿಯಲ್ಲಿ ಮನುಷ್ಯ ತನ್ನ ಬಗ್ಗೆ ತಾನೇ ಕೊಡುವ ಸಾಕ್ಷ್ಯವನ್ನು ನಂಬಲಾಗದು. ಹಾಗಾದರೆ ಹೊರಗಿನಿಂದ ಒಬ್ಬ ಸಾಕ್ಷಿ ಬೇಕು.

ಆ ಸಾಕ್ಷಿಯ ಹುಡುಕಾಟ ಚುರುಕಾಗಿದ್ದು ಯುದ್ಧದಿಂದ. ಎರಡನೇ ಮಹಾಯುದ್ಧದ ವಿಮಾನಗಳು ಬಲೂನುಗಳಿಗಿಂತ ಬೇಗ, ದಿನವೂ, ಅದೇ ಎತ್ತರಕ್ಕೆ ಏರುತ್ತಿದ್ದವು. 25,000 ಅಡಿಯಲ್ಲಿ ಮಾಸ್ಕ್ ಕಳಚಿದರೆ ಪೈಲಟ್‌ಗೆ ಕೆಲಸಕ್ಕೆ ಬರುವಷ್ಟು ಎಚ್ಚರ ಉಳಿಯುವುದು ಮೂರರಿಂದ ಐದು ನಿಮಿಷ. 40,000 ಅಡಿಯಲ್ಲಿ ಹದಿನೈದು ಇಪ್ಪತ್ತು ಸೆಕೆಂಡು ಅಷ್ಟೆ.

ರಕ್ತವನ್ನು ಹೊರತೆಗೆಯದೆ ಅದರಲ್ಲಿರುವ ಆಮ್ಲಜನಕವನ್ನು ಅಳೆಯುವ ದಾರಿಯೊಂದು ಆಗಲೇ ಕಂಡಿತ್ತು. ಆಮ್ಲಜನಕ ಹೊತ್ತ ಹೀಮೋಗ್ಲೋಬಿನ್ ಕಡುಗೆಂಪಾಗಿ ಹೊಳೆಯುತ್ತದೆ, ಇಳಿಸಿದ ಮೇಲೆ ಕಪ್ಪಡರುತ್ತದೆ. ಹಾಗಾಗಿ ಚರ್ಮದ ಮೂಲಕ ಬೆಳಕು ಹಾಯಿಸಿ, ಎಷ್ಟು ಕೆಂಪು ಆಚೆ ಬಂತೆಂದು ನೋಡಿದರೆ ಲೆಕ್ಕ ಸಿಗಬೇಕು. 1930ರ ದಶಕದಲ್ಲಿ ಜರ್ಮನಿಯ ಕಾರ್ಲ್ ಮ್ಯಾಥೆಸ್ ಎರಡು ಬಗೆಯ ಬೆಳಕನ್ನು ಕಿವಿಯ ಮೂಲಕ ಹಾಯಿಸಿ ಇದನ್ನು ಮಾಡಿ ತೋರಿಸಿದ. 1940ರ ದಶಕದ ಆರಂಭದಲ್ಲಿ ಅಮೆರಿಕದ ಗ್ಲೆನ್ ಮಿಲಿಕನ್ ಕಿವಿಗೆ ಸಿಕ್ಕಿಸುವ ಹಗುರವಾದ ಉಪಕರಣ ತಯಾರಿಸಿದ. ಭೌತಶಾಸ್ತ್ರದ ನೊಬೆಲ್ ಪಡೆದ ರಾಬರ್ಟ್ ಮಿಲಿಕನ್‌ರ ಮಗ ಈತ. ಮಿಲಿಕನ್‌ನ ಕಣ್ಣಿದ್ದುದು ಪೈಲಟ್‌ಗಳ ಮೇಲೆಯೇ: ರಕ್ತದಲ್ಲಿ ಆಮ್ಲಜನಕ ಇಳಿದ ಕೂಡಲೇ ಮಾಸ್ಕ್‌ಗೆ ಹೆಚ್ಚು ಆಮ್ಲಜನಕ ತಾನಾಗಿ ಹರಿಯಬೇಕು ಎಂಬುದು ಅವನ ಯೋಜನೆ. ಇಂದು ಎಲ್ಲರ ಬಾಯಲ್ಲಿರುವ ‘ಆಕ್ಸಿಮೀಟರ್’ ಎಂಬ ಪದ ಅವನದೇ. 1947ರಲ್ಲಿ ಬಂಡೆ ಹತ್ತುವಾಗ ನಡೆದ ಅವಘಡದಲ್ಲಿ ಅವನು ತೀರಿಕೊಂಡ.

ಉಪಕರಣ ಕೆಲಸ ಮಾಡುತ್ತಿತ್ತು, ಆದರೆ ಅದರ ರಗಳೆ ಒಂದೆರಡಲ್ಲ. ಬೆಳಕು ರಕ್ತದ ಜೊತೆಗೆ ಚರ್ಮ, ಮಾಂಸಗಳನ್ನೂ ಹಾದು ಬರುತ್ತದೆ. ಒಬ್ಬರ ಕಿವಿ ದಪ್ಪ, ಇನ್ನೊಬ್ಬರದು ತೆಳು. ಕಿವಿಯನ್ನು ಬೆಚ್ಚಗಿಟ್ಟು, ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬೇಕಿತ್ತು. ಮೇಯೋ ಕ್ಲಿನಿಕ್‌ನ ಅರ್ಲ್ ವುಡ್ ಕಿವಿಯನ್ನು ಒತ್ತಿ ರಕ್ತವನ್ನೆಲ್ಲ ಆಚೆ ಸರಿಸಿ, ‘ಸೊನ್ನೆ’ ಎಲ್ಲಿದೆ ಎಂದು ಗುರುತಿಸುವ ಉಪಾಯ ಸೇರಿಸಿದ. ಇಷ್ಟಾದರೂ ಅದು ಪ್ರಯೋಗಾಲಯದಲ್ಲಿ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಡೆಯುವ ಮಾತಾಗಿತ್ತು. ಅಲುಗಾಡುವ ಕಾಕ್‌ಪಿಟ್‌ಗೆ ಒಗ್ಗುವಂಥದ್ದಾಗಿರಲಿಲ್ಲ.

ಬಿಡಿಸಿದ್ದು ಜಪಾನಿನ ಎಂಜಿನಿಯರ್ ತಕುಒ ಅಓಯಾಗಿ. ನಿಹೊನ್ ಕೊಹ್ಡೆನ್ ಕಂಪನಿಯಲ್ಲಿದ್ದ ಅವರು ಹುಡುಕುತ್ತಿದ್ದುದು ಬೇರೆಯದನ್ನು: ಹೃದಯ ಎಷ್ಟು ರಕ್ತ ಹೊರದೂಡುತ್ತದೆ ಎಂದು ಬಣ್ಣದ ದ್ರವವೊಂದರ ನೆರವಿನಿಂದ ಅಳೆಯುವುದು. ಕಿವಿಯಿಂದ ಬರುವ ಸಂಕೇತದಲ್ಲಿ ನಾಡಿಬಡಿತದ ಏರಿಳಿತ ಸೇರಿಕೊಂಡು ಕಾಟ ಕೊಡುತ್ತಿತ್ತು. ಅದನ್ನು ಅಳಿಸಲು ಹೊರಟಾಗ ಹೊಳೆಯಿತು: ಚರ್ಮ ಬಡಿಯುವುದಿಲ್ಲ, ಮೂಳೆ ಬಡಿಯುವುದಿಲ್ಲ, ಬಡಿಯುವುದು ಅಪಧಮನಿಯ ರಕ್ತ ಮಾತ್ರ. ಹಾಗಾದರೆ ಬಡಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಕಿವಿಯ ದಪ್ಪದ ತಕರಾರೇ ಇಲ್ಲ. 1974ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. 1980ರ ದಶಕದಲ್ಲಿ ‘ಪಲ್ಸ್ ಆಕ್ಸಿಮೀಟರ್’ ಆಸ್ಪತ್ರೆಗಳನ್ನು ತುಂಬಿತು. ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಲ್ಲಿ ಥರ್ಮಾಮೀಟರ್ ಪಕ್ಕ ಬಂದು ಕೂತದ್ದು ಅದೇ. ಆರಾಮವಾಗಿ ಮಾತಾಡುತ್ತಲೇ ಇದ್ದ ರೋಗಿಯ ಬೆರಳಿನಲ್ಲಿ ಎಂಬತ್ತರ ಅಂಕಿ ಕಂಡು ಮನೆಯವರು ಕಂಗಾಲಾದದ್ದು ಹಲವರಿಗೆ ನೆನಪಿರಬಹುದು. ತಿಸಾಂದಿಯೇ ಕಂಡ ಸಂತೋಷವೂ ಆ ನೆಮ್ಮದಿಯೂ ದೂರದ ನೆಂಟರು.

ಪೈಲಟ್‌ಗಾಗಿ ಹುಟ್ಟಿದ ಉಪಕರಣ ಹೀಗೆ ಆಸ್ಪತ್ರೆ ಸುತ್ತಿ ಮತ್ತೆ ಪೈಲಟ್ ಬಳಿ ಬಂದದ್ದು 2011ರಲ್ಲಿ. ಅದಕ್ಕೆ ಕಾರಣ ಅಮೆರಿಕದ ಎಫ್-22 ಯುದ್ಧವಿಮಾನ. ಇದರಲ್ಲಿ ಆಮ್ಲಜನಕದ ಸಿಲಿಂಡರನ್ನು ನಂಬಿ ಕೂರುವುದಿಲ್ಲ. ಎಂಜಿನ್‌ನಿಂದ ಗಾಳಿ ಎಳೆದು, ಜಿಯೋಲೈಟ್ ಎಂಬ ಖನಿಜದ ಜರಡಿಯಲ್ಲಿ ಸಾರಜನಕವನ್ನು ಹಿಡಿದಿಟ್ಟು, ಉಳಿದ ಆಮ್ಲಜನಕವನ್ನು ಪೈಲಟ್‌ಗೆ ಕೊಡುತ್ತಾರೆ. 2010ರ ನವೆಂಬರ್ 16ರಂದು ಅಲಾಸ್ಕಾದಲ್ಲಿ ಕ್ಯಾಪ್ಟನ್ ಜೆಫ್ ಹೇನಿ ಹಾರಿಸುತ್ತಿದ್ದ ಎಫ್-22ರಲ್ಲಿ ದೋಷ ಕಾಣಿಸಿ ಎಂಜಿನ್ ಗಾಳಿಯ ಪೂರೈಕೆ ಕಡಿದುಹೋಯಿತು. ಅದರೊಂದಿಗೆ ಆಮ್ಲಜನಕವೂ ನಿಂತಿತು. ತುರ್ತು ಆಮ್ಲಜನಕಕ್ಕೆ ಆಸನದ ಪಕ್ಕದಲ್ಲಿದ್ದ ಸಣ್ಣ ಉಂಗುರವನ್ನು ಎಳೆಯಬೇಕಿತ್ತು. ವಿಮಾನ ನೆಲಕ್ಕೆ ಅಪ್ಪಳಿಸಿ ಹೇನಿ ತೀರಿಕೊಂಡರು. ಉಸಿರಾಟದ ತೊಂದರೆಯಲ್ಲಿ ಮುಳುಗಿ ವಿಮಾನದ ಕಡೆ ಗಮನ ತಪ್ಪಿದ್ದೇ ಕಾರಣ ಎಂದಿತು ವಾಯುಪಡೆಯ ತನಿಖೆ. ಸಿಕ್ಕ ಪುರಾವೆಗಳು ಆ ತೀರ್ಮಾನವನ್ನು ಸಮರ್ಥಿಸುವುದಿಲ್ಲ ಎಂದು ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2013ರಲ್ಲಿ ಹೇಳಿತು.

ಆ ಹೊತ್ತಿಗೆ ಬೇರೆ ಎಫ್-22 ಪೈಲಟ್‌ಗಳೂ ತಲೆಸುತ್ತು, ಗೊಂದಲ, ಉಸಿರಿನ ತೊಂದರೆ ಎನ್ನುತ್ತಿದ್ದರು. 2011ರ ಮೇ ತಿಂಗಳಿನಿಂದ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಎಲ್ಲ ಎಫ್-22ಗಳೂ ನೆಲದ ಮೇಲೆ ನಿಂತವು. ಮತ್ತೆ ಹಾರಿದಾಗ ಪೈಲಟ್‌ಗಳ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಬಂದಿತ್ತು. ಆದರೂ ದೂರುಗಳು ನಿಲ್ಲಲಿಲ್ಲ. 2012ರಲ್ಲಿ ಇಬ್ಬರು ಪೈಲಟ್‌ಗಳು ಈ ವಿಮಾನ ಹಾರಿಸಲು ಹೆದರಿಕೆ ಎಂದು ಟಿವಿ ಕಾರ್ಯಕ್ರಮದಲ್ಲೇ ಹೇಳಿದರು. ಕೊನೆಗೆ ಬೆರಳು ತೋರಿಸಿದ್ದು ಪೈಲಟ್‌ಗಳ ಮೈಮೇಲಿನ ಒತ್ತಡದ ಜಾಕೆಟ್ ಕಡೆಗೆ. ಅದರ ವಾಲ್ವ್ ದೋಷದಿಂದ ಬೇಡದ ಹೊತ್ತಿನಲ್ಲೂ ಜಾಕೆಟ್ ಉಬ್ಬಿ ಎದೆಯನ್ನು ಬಿಗಿಹಿಡಿಯುತ್ತಿತ್ತು. ಕಾಪಾಡಲು ತೊಡಿಸಿದ್ದೇ ಉಸಿರಿಗೆ ಅಡ್ಡ ಬಂದಿತ್ತು.

ಬೆರಳಿನ ಅಂಕಿ ಇದನ್ನು ಹೇಳಲಾರದು. ಬಿಗಿದ ಎದೆಯ ಪೈಲಟ್ ಜೋರಾಗಿ ಉಸಿರಾಡಿ ಆಮ್ಲಜನಕವನ್ನು ಸರಿದೂಗಿಸಿಕೊಂಡರೆ, ಇಂಗಾಲದ ಡೈಆಕ್ಸೈಡ್ ಅತಿಯಾಗಿ ಇಳಿದು ತಲೆ ಸುತ್ತಬಹುದು. ಆಕ್ಸಿಮೀಟರ್ ಮಾತ್ರ ಎಲ್ಲ ಸರಿ ಎನ್ನುತ್ತದೆ. ಅದಕ್ಕೆ ಬೇರೆ ಮಿತಿಗಳೂ ಇವೆ. ಚಳಿಗೆ ಬೆರಳಿನ ರಕ್ತನಾಳ ಕುಗ್ಗಿದರೆ ನಾಡಿಯೇ ಸಿಗುವುದಿಲ್ಲ. ಕೈ ಆಡಿದರೆ ಬಡಿತ ಯಾವುದು, ಅಲುಗಾಟ ಯಾವುದು ಎಂದು ತಿಳಿಯುವುದಿಲ್ಲ. ಶ್ವಾಸಕೋಶದಲ್ಲಿ ಆದ ಬದಲಾವಣೆ ಬೆರಳಿಗೆ ತಲುಪಲು ಹಲವು ಸೆಕೆಂಡು ಬೇಕು. 40,000 ಅಡಿಯಲ್ಲಿ ಇರುವುದೇ ಹದಿನೈದು ಇಪ್ಪತ್ತು ಸೆಕೆಂಡು. ಧರಿಸುವ ಸಂವೇದಕಗಳನ್ನು ಈಗ ಹೆಲ್ಮೆಟ್ ಒಳಗಿನ ಹಣೆಗೆ, ಕಿವಿಗೆ, ಮಾಸ್ಕ್‌ಗೆ ತರುವ ಪ್ರಯತ್ನ ನಡೆದಿರುವುದು ಇದಕ್ಕೇ. ಮಿಲಿಕನ್ ಶುರುಮಾಡಿದ್ದೂ ಕಿವಿಯಿಂದಲೇ.

2017ರಲ್ಲಿ ಅಮೆರಿಕದ ನೌಕಾಪಡೆಯಲ್ಲಿ ನೂರಕ್ಕೂ ಹೆಚ್ಚು ಬೋಧಕ ಪೈಲಟ್‌ಗಳು ಟಿ-45 ತರಬೇತಿ ವಿಮಾನ ಹಾರಿಸಲು ಒಪ್ಪಲಿಲ್ಲ. ಆಮೇಲೆ ನಾಸಾ ತನ್ನ ಎಫ್-18, ಎಫ್-15 ವಿಮಾನಗಳಲ್ಲಿ ಪೈಲಟ್‌ಗಳ ಉಸಿರನ್ನೇ ಅಳೆಯಲು ಹೊರಟಿತು: ಮಾಸ್ಕ್‌ಗೆ ಎಷ್ಟು ಗಾಳಿ ಬರುತ್ತದೆ, ಯಾವ ಒತ್ತಡದಲ್ಲಿ, ಕೇಳಿದ ಕ್ಷಣಕ್ಕೆ ಬರುತ್ತದೆಯೇ. ಯಂತ್ರ ಎಷ್ಟು ಕೊಡುತ್ತದೆ ಎಂಬುದರ ಜೊತೆಗೆ ಮನುಷ್ಯ ಎಷ್ಟು ಪಡೆಯುತ್ತಾನೆ ಎಂಬುದೂ ಪ್ರಶ್ನೆಯಾಯಿತು.

ಬೆಂಗಳೂರಿಗೂ ಈ ಕತೆಯಲ್ಲಿ ಪಾಲಿದೆ. ತೇಜಸ್ ವಿಮಾನದಲ್ಲಿ ಹಾರುತ್ತಲೇ ಆಮ್ಲಜನಕ ತಯಾರಿಸುವ ವ್ಯವಸ್ಥೆಯನ್ನು ರೂಪಿಸಿದ್ದು ಅಲ್ಲಿನ ಡಿಆರ್‌ಡಿಒ ಪ್ರಯೋಗಾಲಯ ಡೆಬೆಲ್. 2025ರ ಮಾರ್ಚ್‌ನಲ್ಲಿ ಅದರ ಎತ್ತರದ ಪರೀಕ್ಷೆ ನಡೆಯಿತು. 1957ರಲ್ಲಿ ಶುರುವಾದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇರುವುದೂ ಅದೇ ಊರಿನಲ್ಲಿ. ಗಾಳಿಯ ಒತ್ತಡ ಇಳಿಸುವ ಕೋಣೆಯಲ್ಲಿ ಕೂರಿಸಿ ಪೈಲಟ್‌ಗಳಿಗೆ ಹೈಪಾಕ್ಸಿಯಾದ ಅನುಭವ ಮಾಡಿಸುವುದು ಇಂಥ ಸಂಸ್ಥೆಗಳ ಹಳೆಯ ಪಾಠ. ಒಬ್ಬರಿಗೆ ಬೆರಳು ಜುಮುಗುಟ್ಟುತ್ತದೆ, ಒಬ್ಬರಿಗೆ ಬಣ್ಣಗಳು ಮಾಸುತ್ತವೆ, ಇನ್ನೊಬ್ಬರಿಗೆ ಸುಮ್ಮಸುಮ್ಮನೆ ನಗು ಬರುತ್ತದೆ. ತನ್ನ ಲಕ್ಷಣ ಯಾವುದೆಂದು ಪ್ರತಿಯೊಬ್ಬರೂ ಕಲಿತುಕೊಳ್ಳಬೇಕು. ಕೋಣೆಯಲ್ಲಿ ಮಾಸ್ಕ್ ತೆಗೆಸಿ, ಪೆನ್ಸಿಲ್ ಕೊಟ್ಟು ಸುಲಭದ ಲೆಕ್ಕ ಮಾಡಿಸುವ ಪದ್ಧತಿಯೂ ಉಂಟು. ಎಲ್ಲವನ್ನೂ ಸರಿಯಾಗಿ ಮಾಡಿದ್ದೇನೆ ಎಂಬ ಭರವಸೆಯಲ್ಲೇ ಪೈಲಟ್ ಬರೆಯುತ್ತಾ ಹೋಗುತ್ತಾನೆ. ಮಾಸ್ಕ್ ಮತ್ತೆ ಹಾಕಿಕೊಂಡ ಮೇಲೆ ಅದೇ ಹಾಳೆ ಕೈಗೆ ಬರುತ್ತದೆ. ಮೊದಲ ಸಾಲು ನೇರವಾಗಿರುತ್ತದೆ, ಕೊನೆಯ ಸಾಲನ್ನು ಬರೆದವನಿಗೇ ಓದಲಾಗುವುದಿಲ್ಲ.