ಮನೆಹೆಸರಾಗಿ ಉಳಿದ ಊರುಗಳು: ಹಳೆಯ ಬೆಂಗಳೂರಿನ ಮೊದಲಕ್ಷರಗಳ ಹಿನ್ನೆಲೆ

ಹಳೆಯ ಮೈಸೂರು ಸೀಮೆಯವರಿಗೆ ಮನೆಹೆಸರಿಲ್ಲ ಎಂಬ ಮಾತು ಲೋಕರೂಢಿಯಲ್ಲಿ ಬೇರೂರಿದೆ. ಕೊಡವರಿಗೆ ಒಕ್ಕದ ಹೆಸರಿದೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರಿದೆ. ಕರಾವಳಿಯ ಕ್ರೈಸ್ತರಲ್ಲಿ ಪೋರ್ಚುಗೀಸರ ಸಂಪರ್ಕದಿಂದ ಬಂದ ಕುಲನಾಮಗಳಿವೆ. ಬೆಂಗಳೂರು, ತುಮಕೂರು, ಕೋಲಾರದ ಕಡೆಯವರ ಹೆಸರಿನ ಮುಂದೆ ಮಾತ್ರ ಒಂದೆರಡು ಅಕ್ಷರಗಳು ಕಾಣುತ್ತವೆ, ಹಿಂದೆ ಏನೂ ಇರುವುದಿಲ್ಲ. ಆದರೆ ಆ ಅಕ್ಷರಗಳನ್ನು ಬಿಡಿಸಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ಮನೆಹೆಸರು ಇಲ್ಲದಿಲ್ಲ. ಅದು ಊರಿನ ರೂಪದಲ್ಲಿದ್ದು, ಒಂದು ಅಕ್ಷರದಷ್ಟಕ್ಕೆ ಕುಗ್ಗಿದೆ.

ಊರ ಹೆಸರು ವ್ಯಕ್ತಿಯ ಗುರುತಾಗುವುದು ಹಲವು ನಾಡುಗಳಲ್ಲಿ ಉಂಟು. ಸ್ಪೇನಿನಲ್ಲಿ ತೊಲೆದೊ, ಆವಿಲಾ ಮುಂತಾದ ಪಟ್ಟಣಗಳ ಹೆಸರುಗಳು ಕುಲನಾಮಗಳಾಗಿ, ಅಲ್ಲಿಂದ ಅಮೆರಿಕ ಖಂಡಗಳವರೆಗೆ ಹರಡಿವೆ. ಇಂತಹ ಹೆಸರಿನ ಹುಟ್ಟಿಗೆ ಒಂದು ಸರಳ ನಿಯಮವಿದೆ. ಊರೊಳಗೆ ಇರುವವನನ್ನು ಯಾರೂ ಆ ಊರಿನ ಹೆಸರಿನಿಂದ ಕರೆಯುವುದಿಲ್ಲ. ಬೆಳ್ಳೂರಿನಲ್ಲಿ ಎಲ್ಲರೂ ಬೆಳ್ಳೂರಿನವರೇ. ಊರನ್ನು ಬಿಟ್ಟು ಬೇರೊಂದು ಊರಿಗೆ ಬಂದಾಗ ಮಾತ್ರ ‘ಬೆಳ್ಳೂರಿನವರು’ ಎಂಬ ಗುರುತು ಅಂಟಿಕೊಳ್ಳುತ್ತದೆ. ಆದುದರಿಂದ ಊರಿನ ಮನೆಹೆಸರು ಹೇಳುವುದು ವಾಸವನ್ನಲ್ಲ, ವಲಸೆಯನ್ನು. ಕನ್ನಡ ಸಮುದಾಯಗಳ ಒಳಪಂಗಡಗಳಲ್ಲಿಯೂ ಈ ನಿಯಮದ ಕುರುಹುಗಳಿವೆ. ಗಂಗಡಿಕಾರ ಒಕ್ಕಲಿಗರ ಹೆಸರಿನಲ್ಲಿ ಗಂಗವಾಡಿ, ಮೊರಸು ಒಕ್ಕಲಿಗರ ಹೆಸರಿನಲ್ಲಿ ಮೊರಸುನಾಡು, ಬಬ್ಬೂರುಕಮ್ಮೆಯವರ ಹೆಸರಿನಲ್ಲಿ ಹಿರಿಯೂರಿನ ಬಳಿಯ ಬಬ್ಬೂರು ಉಳಿದುಬಂದಿವೆ.

ಈ ಊರುಗಳೆಲ್ಲ ಒಂದೆಡೆ ಬಂದು ಸೇರಿದ ಸ್ಥಳವೆಂದರೆ ಬೆಂಗಳೂರಿನ ಹಳೆಯ ಬಡಾವಣೆಗಳು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗು ಕಾಣಿಸಿಕೊಂಡು ಕೋಟೆ, ಪೇಟೆಗಳ ಜನ ಚದುರಿದ ಬಳಿಕ ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದವು. ಸಂಸ್ಥಾನದ ಕಚೇರಿ, ಶಾಲೆ, ಕಾಲೇಜು, ನ್ಯಾಯಾಲಯಗಳ ಉದ್ಯೋಗಕ್ಕಾಗಿ ಹಳ್ಳಿಗಳಿಂದ ಬಂದ ಕುಟುಂಬಗಳು ಇಲ್ಲಿ ನೆಲೆಗೊಂಡವು. ಆರಂಭದ ಯೋಜನೆಯಲ್ಲಿ ನಿವೇಶನಗಳನ್ನು ಬಹುಮಟ್ಟಿಗೆ ಜಾತಿವಾರು ವಿಂಗಡಿಸಿದ್ದುದರಿಂದ ಒಂದೇ ಬೀದಿಯಲ್ಲಿ ಹತ್ತು ಮಂದಿ ರಾಯರು, ಹತ್ತು ಮಂದಿ ಅಯ್ಯಂಗಾರ್ಯರು ಇರುವ ಸಂದರ್ಭ ಒದಗಿತು. ಜಾತಿಸೂಚಕವಾದ ಉಪನಾಮದಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ಹಳ್ಳಿಯ ಹೆಸರು ನಗರದಲ್ಲಿ ಉಪಯೋಗಕ್ಕೆ ಬಂದದ್ದು ಹೀಗೆ.

ಈ ಪದ್ಧತಿ ಒಂದು ಜಾತಿಗೆ ಸೀಮಿತವಾದುದಲ್ಲ. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರ ಮೊದಲಕ್ಷರ ಕ್ಯಾಸಂಬಳ್ಳಿಯದು, ಎಚ್.ಡಿ. ದೇವೇಗೌಡರದು ಹರದನಹಳ್ಳಿಯದು.

ಊರ ಹೆಸರು ಹುಟ್ಟಿದ ಸ್ಥಳವನ್ನೇ ಸೂಚಿಸಬೇಕೆಂದಿಲ್ಲ ಎಂಬುದು ಇಲ್ಲಿ ಮುಖ್ಯವಾದ ಅಂಶ. ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನಲ್ಲಿರುವ ಮೋಕ್ಷಗುಂಡಂ ಪೂರ್ವಿಕರು ಬಿಟ್ಟುಬಂದ ಆಂಧ್ರದ ಊರು. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಹೆಸರಿನಲ್ಲಿರುವುದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅ.ನ. ಕೃಷ್ಣರಾಯರು ಕೋಲಾರದಲ್ಲಿ ಹುಟ್ಟಿದರೂ ಅವರ ‘ಅ’ ಹಾಸನ ಜಿಲ್ಲೆಯ ಅರಕಲಗೂಡಿಗೆ ಸೇರಿದ್ದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಜನ್ಮಸ್ಥಳ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿ. ಬೆಂಗಳೂರಿನ ಗವಿಪುರದಲ್ಲಿ ಬಾಳಿದ ಅವರ ಹೆಸರಿನಲ್ಲಿ ಊರು ಅಕ್ಷರವಾಗಿ ಕುಗ್ಗದೆ ಇಡಿಯಾಗಿ ಉಳಿಯಿತು. ಇಡಿಯಾಗಿ ಉಳಿದದ್ದರಿಂದಲೇ ಅದು ಮನೆಹೆಸರಿನ ಎಲ್ಲೆಯನ್ನು ದಾಟಿತು. ‘ಮಾಸ್ತಿ’ ಎಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಊರಲ್ಲ, ಲೇಖಕರು.

1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ಮುಂದೆ ಚಾಮರಾಜಪೇಟೆಯಲ್ಲಿ ನೆಲೆನಿಂತ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರ ಹೆಸರು ಇನ್ನೂ ಕುತೂಹಲಕರವಾದುದು. ಇಲ್ಲಿನ ‘ವಿ’ ತಂದೆಯ ಹೆಸರಲ್ಲ. ಅವರ ಪೂರ್ಣನಾಮ ಹೆಬ್ಬಳಲು ವೇಲ್ಪನೂರು ನಂಜುಂಡಯ್ಯ. ಕನ್ನಡದ ಒಂದು ಊರು, ತೆಲುಗು ಧಾಟಿಯ ಇನ್ನೊಂದು ಊರು, ಎರಡೂ ಒಂದೇ ಹೆಸರಿನಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿವೆ. ಸ್ಪೇನಿನವರು ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಎಂದು ಎರಡು ಕುಲನಾಮಗಳನ್ನು ಧರಿಸುತ್ತಾರೆ. ಅಲ್ಲಿಯ ಜೋಡಿ ಎರಡು ಮನೆಗಳ ಸಂಬಂಧವನ್ನು ಹೇಳಿದರೆ, ಇಲ್ಲಿಯ ಜೋಡಿಯನ್ನು ಎರಡು ನಿಲುಗಡೆಗಳ ಗುರುತು ಎಂದು ಓದಬಹುದು. ಮೈಸೂರು ಸಂಸ್ಥಾನದ ಬುಡಕಟ್ಟು ಮತ್ತು ಜಾತಿಗಳ ಸಮೀಕ್ಷೆಯಲ್ಲಿ ಊರೂರಿನ ಜನರ ಮೂಲವನ್ನು ದಾಖಲಿಸಿದ ವಿದ್ವಾಂಸರ ಹೆಸರೇ ಒಂದು ದಾಖಲೆಯಾಗಿರುವುದು ಸೋಜಿಗವೇ ಸರಿ. ಜಿ.ಪಿ. ರಾಜರತ್ನಂ ಅವರ ‘ಜಿ.ಪಿ.’ ಕೂಡ ಇದೇ ಬಗೆಯದು. ಅದು ‘ಗುಂಡ್ಲು ಪಂಡಿತ’ ಎಂಬ ಮನೆತನದ ಹೆಸರು. ಅವರ ತಂದೆಗೂ ಅವೇ ಮೊದಲಕ್ಷರಗಳಿದ್ದವು.

ಆದರೂ ಈ ಮನೆಹೆಸರು ಕಲ್ಲಿನಲ್ಲಿ ಕೊರೆದುದಲ್ಲ. ಫಿಲಿಪೈನ್ಸಿನಲ್ಲಿ ಸ್ಪೇನಿನ ಗವರ್ನರ್ ಕ್ಲಾವೆರಿಯಾ 1849ರಲ್ಲಿ ಆಜ್ಞೆ ಹೊರಡಿಸಿ, ಸಿದ್ಧಪಟ್ಟಿಯೊಂದರಿಂದ ಕುಟುಂಬಗಳಿಗೆ ಕುಲನಾಮಗಳನ್ನು ಹಂಚಿಸಿದ. ಮೈಸೂರಿನಲ್ಲಿ ಆ ಕೆಲಸ ಶಾಲೆಯ ದಾಖಲಾತಿ ಪುಸ್ತಕದ ಪಾಲಿಗೆ ಬಂತು. ಮೇಷ್ಟರು ಕೇಳಿದರು, ಹಿರಿಯರು ಹೇಳಿದರು, ಹೇಳಿದ್ದು ಖಾಯಂ ಆಯಿತು. ಹೀಗಾಗಿ ತಲೆಮಾರಿನಿಂದ ತಲೆಮಾರಿಗೆ ಊರು ಬದಲಾಗಲು ಅವಕಾಶ ಉಳಿಯಿತು. ಇದಕ್ಕೆ ಬಸವನಗುಡಿಯ ಒಂದೇ ಮನೆಯ ನಿದರ್ಶನ ಸಾಕು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಅವರ ಮಗ, ಸಸ್ಯವಿಜ್ಞಾನಿ ಹಾಗೂ ‘ಹಸುರು ಹೊನ್ನು’ ಕೃತಿಯ ಕರ್ತೃ ಬಿ.ಜಿ.ಎಲ್. ಸ್ವಾಮಿಯವರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ತಂದೆಯ ಹೆಸರಿನಲ್ಲಿದ್ದ ದೇವನಹಳ್ಳಿ ಮಗನ ಹೆಸರಿನಲ್ಲಿಲ್ಲ. ಆ ಜಾಗಕ್ಕೆ ಬೆಂಗಳೂರು ಬಂದಿದೆ. ವಲಸೆ ಮುಗಿದು ನೆಲೆ ಸಿಕ್ಕಿತೆಂಬುದನ್ನು ಯಾವ ಜನಗಣತಿಯೂ ಇಷ್ಟು ಸಂಕ್ಷೇಪವಾಗಿ ಹೇಳಲಾರದು. ಅದೇ ವೇಳೆಗೆ ಮನೆತನದ ಹಿಂದಿನ ಹೆಜ್ಜೆಯೊಂದು ಹೆಸರಿನಿಂದ ಅಳಿಸಿಹೋಯಿತೆಂಬುದೂ ಅಷ್ಟೇ ನಿಜ.

ಅಕ್ಷರಗಳ ಸ್ವರೂಪವನ್ನೂ ಇಲ್ಲಿ ಗಮನಿಸಬೇಕು. ದೇವನಹಳ್ಳಿಯ ಮೊದಲಕ್ಷರ ‘ದೇ’, ಹೆಸರಿನಲ್ಲಿರುವುದು ‘ಡಿ’. ತಳುಕಿನ ಮೊದಲಕ್ಷರ ‘ತ’, ಟಿ.ಎಸ್. ವೆಂಕಣ್ಣಯ್ಯನವರ ಹೆಸರಿನಲ್ಲಿರುವುದು ‘ಟಿ’. ಕಚೇರಿ, ಕಾಲೇಜುಗಳ ಇಂಗ್ಲಿಷ್ ದಾಖಲೆಗಳಲ್ಲಿ ಮೊಟಕಾದ ಊರು ಮತ್ತೆ ಕನ್ನಡಕ್ಕೆ ಮರಳುವಾಗ ತನ್ನ ಧ್ವನಿಯನ್ನೇ ಕಳೆದುಕೊಂಡಿತ್ತು. ಜನರ ಬಾಯಲ್ಲಿ ಇದು ‘ಇನಿಷಿಯಲ್ಲು’ ಆದದ್ದು ಅಕಾರಣವಲ್ಲ. ಇದನ್ನು ಸರಿಪಡಿಸಿದವರು ಸಾಹಿತಿಗಳು. ತಳುಕಿನ ಅದೇ ಮನೆತನದ ಮುಂದಿನ ತಲೆಮಾರಿನ ಕಾದಂಬರಿಕಾರ, 1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು ‘ತ.ರಾ.ಸು.’ ಆದರು. ದೊಡ್ಡವರ ‘ಟಿ’ಯೂ ಕಿರಿಯರ ‘ತ’ವೂ ಒಂದೇ ಹಳ್ಳಿ. ತೀರ್ಥಪುರದ ನಂಜುಂಡಯ್ಯ ಶ್ರೀಕಂಠಯ್ಯನವರು ‘ತೀ.ನಂ.ಶ್ರೀ.’ ಎಂದೂ, ಕುಪ್ಪಳಿಯ ಕೆ.ವಿ. ಪುಟ್ಟಪ್ಪನವರು ‘ಕುವೆಂಪು’ ಎಂದೂ ಪ್ರಸಿದ್ಧರಾದಾಗ ಊರಿನ ಮೊದಲ ಉಲಿ ಹೆಸರಿಗೆ ಹಿಂದಿರುಗಿತು. ಕಾವ್ಯನಾಮಗಳ ಚರ್ಚೆಯಲ್ಲಿ ಈ ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲ.

ಉತ್ತರ ಕರ್ನಾಟಕದ ಪದ್ಧತಿಯೊಂದಿಗೆ ಹೋಲಿಸಿದಾಗ ಭೇದವು ಎಣಿಸಿದಷ್ಟು ದೊಡ್ಡದಲ್ಲವೆಂದು ತೋರುತ್ತದೆ. ವಿನಾಯಕ ಕೃಷ್ಣ ಗೋಕಾಕ ಎಂಬಲ್ಲಿ ತನ್ನ ಹೆಸರು, ತಂದೆಯ ಹೆಸರು, ಊರು. ತಳುಕಿನ ಸುಬ್ಬಣ್ಣ ವೆಂಕಣ್ಣಯ್ಯ ಎಂಬಲ್ಲಿ ಊರು, ತಂದೆಯ ಹೆಸರು, ತನ್ನ ಹೆಸರು. ಅಂಗಗಳು ಅವೇ, ಅನುಕ್ರಮ ಮಾತ್ರ ತಲೆಕೆಳಗು. ಊರು ಕೊನೆಯಲ್ಲಿ ನಿಂತ ಕಡೆ ಪೂರ್ಣವಾಗಿ ಉಳಿಯಿತು. ಮೊದಲಲ್ಲಿ ನಿಂತ ಕಡೆ ಅಕ್ಷರವಾಗಿ ಸವೆಯಿತು. 1956ರ ಏಕೀಕರಣದ ಅನಂತರ ಈ ಎರಡು ಬಗೆಯ ಹೆಸರುಗಳು ಒಂದೇ ಕಚೇರಿಯ ಹಾಜರಿ ಪುಸ್ತಕದಲ್ಲಿ ಎದುರುಬದುರಾದವು.

ಹೆಣ್ಣುಮಕ್ಕಳ ಹೆಸರಿನಲ್ಲಿ ಈ ಸವೆತ ಇನ್ನೂ ಹೆಚ್ಚು. ಮದುವೆಯಾದ ಬಳಿಕ ತವರಿನ ಅಕ್ಷರ ಹೋಗಿ ಗಂಡನ ಮನೆಯ ಅಕ್ಷರ ಬರುವುದು, ಅಥವಾ ಎರಡೂ ಹೋಗಿ ಗಂಡನ ಹೆಸರು ಬರುವುದು ಸಾಮಾನ್ಯವಾಗಿತ್ತು. ಸ್ಪೇನಿನ ಹೆಂಗಸು ಮದುವೆಯ ಅನಂತರವೂ ಹುಟ್ಟಿದ ಮನೆಯ ಎರಡು ಕುಲನಾಮಗಳನ್ನು ಉಳಿಸಿಕೊಳ್ಳುತ್ತಾಳೆ. ಬಸವನಗುಡಿಯ ಅಜ್ಜಿಯ ತವರೂರನ್ನು ತಿಳಿಯಲು ದಾಖಲೆಗಳನ್ನು ನಂಬಿ ಫಲವಿಲ್ಲ. ಅವಳ ಹಾಡು, ಕಥೆ, ಅಡುಗೆಗಳ ಕಡೆಗೇ ತಿರುಗಬೇಕು.

ಇತ್ತೀಚಿನ ದಶಕಗಳಲ್ಲಿ ಪಾಸ್‌ಪೋರ್ಟಿನ ಅರ್ಜಿ ಮೊದಲಕ್ಷರಗಳನ್ನು ಬಿಡಿಸಿ ಬರೆಯಲು ಕೇಳುತ್ತದೆ, ಕುಲನಾಮಕ್ಕೆ ಬೇರೆಯೇ ಕಲಮು ಇಡುತ್ತದೆ. ಅಲ್ಲಿ ಕೆಲವರು ತಂದೆಯ ಹೆಸರನ್ನು, ಕೆಲವರು ರಾವ್, ಗೌಡ ಮುಂತಾದ ಉಪನಾಮವನ್ನು ತುಂಬುತ್ತಾರೆ. ಊರನ್ನು ಬರೆಯುವವರೂ ಇದ್ದಾರೆ. ಊರನ್ನು ಬರೆದವರ ಮಕ್ಕಳು ಹೊರದೇಶಗಳಲ್ಲಿ ತಾವು ಕಾಣದ ಹಳ್ಳಿಯೊಂದರ ಹೆಸರಿನಿಂದಲೇ ಕರೆಸಿಕೊಳ್ಳುತ್ತಾರೆ. ಉಳಿದವರ ಮನೆಗಳಲ್ಲಿ ಆ ಅಕ್ಷರ ಯಾವ ಊರಿನದೆಂದು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಶ್ರಾದ್ಧದ ಸಂಕಲ್ಪದಲ್ಲಿ ಮೂರು ತಲೆಮಾರಿನ ಹೆಸರೂ ಗೋತ್ರವೂ ಬರುತ್ತವೆ, ಊರು ಬರುವುದಿಲ್ಲ. ಅದು ದೊರೆಯುವುದು ಹಳೆಯ ಲಗ್ನಪತ್ರಿಕೆಗಳಲ್ಲಿ, ಮತ್ತು ಮೊದಲಕ್ಷರ ಬೆಂಗಳೂರಿನದಾದ ಮೇಲೂ ಹರಕೆ ತೀರಿಸಲು ವರ್ಷಕ್ಕೊಮ್ಮೆ ಹೋಗಿಬರುವ ಮನೆದೇವರ ಊರಿನ ದಾರಿಯಲ್ಲಿ.